ಹೃತ್ಕರ್ಣದ ಕಂಪನ: ಕಿಡಿ ಎಲ್ಲಿಂದ ಹೊರಡುತ್ತದೆ?



ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಕಾಗದ ಹಿಡಿದುಕೊಂಡು "ಇದರಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ನೋಡಿ ಹೇಳಿ" ಎಂದು ಸಂಘಕ್ಕೆ ಬರುವ ಹಿರಿಯರಿದ್ದಾರೆ. ಕಾಸರಗೋಡಿನಲ್ಲಿ ಮಲಯಾಳದಲ್ಲಿ, ಹೊಸೂರು-ತಾಳವಾಡಿಯಲ್ಲಿ ತಮಿಳಿನಲ್ಲಿ, ಸೊಲ್ಲಾಪುರ-ಜತ್ತದಲ್ಲಿ ಮರಾಠಿಯಲ್ಲಿ, ಆದೋನಿ-ರಾಯದುರ್ಗದಲ್ಲಿ ತೆಲುಗಿನಲ್ಲಿ ಡಾಕ್ಟರು ವಿವರಿಸಿರುತ್ತಾರೆ. ಕಾಗದ ಮಾತ್ರ ಎಲ್ಲ ಕಡೆಯೂ ಇಂಗ್ಲಿಷಿನಲ್ಲೇ. ಅಂಥ ಕಾಗದಗಳಲ್ಲಿ ಈಚೆಗೆ ಪದೇ ಪದೇ ಕಾಣುವ ಎರಡಕ್ಷರ ಎ.ಎಫ್., ಅಂದರೆ ಏಟ್ರಿಯಲ್ ಫಿಬ್ರಿಲೇಶನ್. ಅದರ ಕೆಳಗೆ ಕೆಲವರಿಗೆ ಮ್ಯಾಪಿಂಗ್ ಮತ್ತು ಅಬ್ಲೇಶನ್ ಮಾಡಿಸಿಕೊಳ್ಳಬಹುದು ಎಂಬ ಸಲಹೆಯೂ ಇರುತ್ತದೆ. ಹೃದಯದ ನಕ್ಷೆ ತೆಗೆಯುವುದೆಂದರೇನು, ಅದರಿಂದ ಏನು ಸಿಕ್ಕಿದೆ, ಏನು ಇನ್ನೂ ಸಿಕ್ಕಿಲ್ಲ ಎಂಬುದನ್ನು ಕನ್ನಡದಲ್ಲಿ ಒಂದೆಡೆ ಬರೆದಿಡುವುದು ಒಳ್ಳೆಯದೆಂದು ನಮಗೆ ಅನ್ನಿಸಿತು. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕುಳಿತಾಗ ಮಾತು ಅರ್ಥವಾಗಲಿ ಎಂಬಷ್ಟೇ ಉದ್ದೇಶ.

ಮೊದಲು ಸರಿಯಾದ ಬಡಿತದ ವಿಚಾರ. ಹೃದಯಕ್ಕೆ ನಾಲ್ಕು ಕೋಣೆಗಳು. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು ಎಂದು ಶಾಲೆಯಲ್ಲಿ ಓದಿದ್ದೇವೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಸೈನಸ್ ಗಂಟು ಎಂಬ ಸಣ್ಣ ಜೀವಕೋಶಗಳ ಗುಂಪಿದೆ. ಯಾರೂ ಹೇಳದೆ ಕೇಳದೆ ತಾನಾಗಿಯೇ ವಿದ್ಯುತ್ ಕಿಡಿ ಹೊರಡಿಸುವುದು ಅದರ ಕೆಲಸ. ಆ ಕಿಡಿ ಅಲೆಯಾಗಿ ಎರಡೂ ಹೃತ್ಕರ್ಣಗಳ ಮೇಲೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಹರಡಿ, ನಡುವಿನ ಎ.ವಿ. ಗಂಟಿನಲ್ಲಿ ಕ್ಷಣ ತಡೆದು, ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಒಂದು ಕಿಡಿಗೆ ಒಂದು ಬಡಿತ. ಎ.ವಿ. ಗಂಟನ್ನು ಜಪಾನಿನ ಸುನಾವೊ ತವಾರ 1906ರಲ್ಲಿ ವಿವರಿಸಿದರು. ಸೈನಸ್ ಗಂಟನ್ನು ಗುರುತಿಸಿದವರು ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್, ಪ್ರಕಟವಾದದ್ದು 1907ರಲ್ಲಿ. ವೈದ್ಯ ವಿದ್ಯಾರ್ಥಿಯಾಗಿದ್ದ ಫ್ಲ್ಯಾಕ್ ಅದನ್ನು ಮೊದಲು ಕಂಡದ್ದು ಮನುಷ್ಯನ ಹೃದಯದಲ್ಲಲ್ಲ, ಮೋಲ್ ಎಂಬ ಪ್ರಾಣಿಯ ಹೃದಯದಲ್ಲಿ. ಮೊಲವಲ್ಲ, ಮೋಲ್: ಹೊಲಗಳಲ್ಲಿ ಬಿಲ ತೋಡುವ ಇಲಿಗಾತ್ರದ ಜೀವಿ.

ಎ.ಎಫ್. ಬಂದಾಗ ಈ ಶಿಸ್ತು ಮೇಲಿನ ಕೋಣೆಗಳಲ್ಲಿ ಮುರಿದುಬೀಳುತ್ತದೆ. ಒಂದು ಅಲೆಯ ಬದಲು ಚೂರುಚೂರಾದ ಅನೇಕ ಅಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಮಿನಿಟಿಗೆ 350ರಿಂದ 600 ಸಲ ಸ್ನಾಯುವನ್ನು ಕೆರಳಿಸುತ್ತವೆ. ಅಷ್ಟು ವೇಗಕ್ಕೆ ಹೃತ್ಕರ್ಣ ಹಿಂಡಲಾರದು, ಸುಮ್ಮನೆ ಅದುರುತ್ತದೆ. ಎ.ವಿ. ಗಂಟು ಬಾಗಿಲು ಕಾಯುವವನಂತೆ ಅಷ್ಟನ್ನೂ ಒಳಗೆ ಬಿಡುವುದಿಲ್ಲ, ಆದರೆ ಬಿಟ್ಟಷ್ಟನ್ನು ಲೆಕ್ಕವಿಲ್ಲದೆ ಬಿಡುತ್ತದೆ. ಹಾಗಾಗಿ ಮಣಿಕಟ್ಟಿನಲ್ಲಿ ನಾಡಿ ಹಿಡಿದರೆ ಒಂದು ಬಡಿತಕ್ಕೂ ಮುಂದಿನದಕ್ಕೂ ಅಂತರ ಒಂದೇ ಇರುವುದಿಲ್ಲ. ಬಡಿತದ ಜೋರೂ ಏರುಪೇರು. ಕೆಲವರಿಗೆ ಎದೆ ಡವಡವ, ಏದುಸಿರು, ಸುಸ್ತು. ಇನ್ನು ಕೆಲವರಿಗೆ ಏನೂ ತಿಳಿಯುವುದೇ ಇಲ್ಲ, ಬೇರೇನೋ ಕಾರಣಕ್ಕೆ ಇ.ಸಿ.ಜಿ. ತೆಗೆದಾಗ ಬಯಲಾಗುತ್ತದೆ.

ಏನೂ ತಿಳಿಯದವರ ವಿಷಯದಲ್ಲೇ ಹೆಚ್ಚು ಎಚ್ಚರ ಬೇಕು. ಅದುರುವ ಕೋಣೆಯಲ್ಲಿ ರಕ್ತ ನಿಂತ ನೀರಾಗುತ್ತದೆ. ಎಡ ಹೃತ್ಕರ್ಣಕ್ಕೆ ಅಂಟಿಕೊಂಡಿರುವ ಪುಟ್ಟ ಚೀಲದಂಥ ಭಾಗದಲ್ಲಿ ಹೆಪ್ಪು ಕಟ್ಟಿ, ಅದು ಹೊರಟು ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಲಕ್ವ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ದಶಕಗಟ್ಟಲೆ ಗಮನಿಸಿ 1991ರಲ್ಲಿ ಹೊರಬಂದ ವರದಿಯ ಪ್ರಕಾರ ಎ.ಎಫ್. ಇರುವವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಗಲಭೆ ಎಲ್ಲಿಂದ ಶುರುವಾಗುತ್ತದೆ, ಯಾವುದು ಅದನ್ನು ನಿಲ್ಲದಂತೆ ನಡೆಸುತ್ತದೆ? ಇವು ಎರಡು ಬೇರೆ ಪ್ರಶ್ನೆಗಳು. ಬಹುಕಾಲ ಎರಡನ್ನೂ ಕೂಡಿಸಿಯೇ ಯೋಚಿಸಿದ್ದರಿಂದ ಗೊಂದಲವಾಯಿತು ಎಂಬುದು ನಾವು ಓದಿ ತಿಳಿದುಕೊಂಡದ್ದು.

ಹಾಲೆಂಡಿನ ವಿಲೆಮ್ ಐಂತೋವೆನ್ ಇ.ಸಿ.ಜಿ. ಯಂತ್ರ ರೂಪಿಸಿ, 1906ರಲ್ಲೇ ಇಂಥ ಅಂಕೆತಪ್ಪಿದ ನಾಡಿಯ ರೇಖೆಯನ್ನು ಅಚ್ಚುಹಾಕಿಸಿದರು. ಅದು ಹೃತ್ಕರ್ಣದ ಕಂಪನವೇ ಎಂದು ಲಂಡನ್ನಿನ ಥಾಮಸ್ ಲೂಯಿಸ್ 1909ರಲ್ಲಿ ತೋರಿಸಿದರು; ಅದೇ ವರ್ಷ ವಿಯೆನ್ನಾದಲ್ಲಿ ರೋಥ್‌ಬರ್ಗರ್ ಮತ್ತು ವಿಂಟರ್‌ಬರ್ಗ್ ಕೂಡ. ಜಾರ್ಜ್ ಮೈನ್ಸ್ ಎಂಬ ತರುಣ ವಿಜ್ಞಾನಿ ಪ್ರಾಣಿಗಳ ಹೃದಯದಿಂದ ಉಂಗುರದಂತೆ ಕತ್ತರಿಸಿದ ಸ್ನಾಯುವಿನಲ್ಲಿ ಅಲೆ ಸುತ್ತಿ ಸುತ್ತಿ ತಾನಾಗಿಯೇ ಮುಂದುವರಿಯುವುದನ್ನು 1913ರಲ್ಲಿ ವರ್ಣಿಸಿದರು. ಮರುವರ್ಷವೇ ಅವರು ತೀರಿಕೊಂಡರು. ವಯಸ್ಸು ಮೂವತ್ತೂ ಆಗಿರಲಿಲ್ಲ. ಅದೇ 1914ರಲ್ಲಿ ವಾಲ್ಟರ್ ಗ್ಯಾರಿ, ಕಂಪಿಸುವ ಸ್ನಾಯುವನ್ನು ತುಂಡು ಮಾಡಿ ನೋಡಿದರು. ದೊಡ್ಡ ತುಂಡು ಕಂಪಿಸುತ್ತಲೇ ಇತ್ತು, ತುಂಡು ತೀರ ಚಿಕ್ಕದಾದಾಗ ನಿಂತಿತು. ಅಂದರೆ ಅಲೆ ಸುತ್ತಲು ಜಾಗ ಬೇಕು.

ಇದರ ಮೇಲೆ ಗಾರ್ಡನ್ ಮೋ 1964ರಲ್ಲಿ ಕಂಪ್ಯೂಟರ್ ಮಾದರಿಯೊಂದನ್ನು ಕಟ್ಟಿ, ಎ.ಎಫ್.ಗೆ ಒಬ್ಬ ಯಜಮಾನ ಬೇಕಿಲ್ಲ, ಅಲೆದಾಡುವ ಅನೇಕ ಕಿರು ಅಲೆಗಳು ಒಂದನ್ನೊಂದು ಹುಟ್ಟಿಸುತ್ತ ಸಾಗಿದರೆ ಸಾಕು ಎಂದರು. ಹಾಲೆಂಡಿನ ಮಾಸ್ಟ್ರಿಕ್ಟ್‌ನ ಮಾರಿಟ್ಸ್ ಅಲೆಸ್ಸಿ 1985ರಲ್ಲಿ ನಾಯಿಗಳ ಹೃದಯದಲ್ಲಿ ಬಹು ಎಲೆಕ್ಟ್ರೋಡುಗಳಿಂದ ಅಳೆದು, ನಾಲ್ಕರಿಂದ ಆರು ಅಲೆಗಳು ಏಕಕಾಲಕ್ಕೆ ಇದ್ದರೆ ಕಂಪನ ಉಳಿಯುತ್ತದೆ ಎಂದು ಲೆಕ್ಕ ಕೊಟ್ಟರು. ಈ ಸಿದ್ಧಾಂತವನ್ನೇ ನಂಬಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜೇಮ್ಸ್ ಕಾಕ್ಸ್ 1987ರಲ್ಲಿ ಎದೆ ತೆರೆದು ಹೃತ್ಕರ್ಣವನ್ನು ಗೆರೆಗೆರೆಯಾಗಿ ಕೊಯ್ದು ಹೊಲಿದರು. ಗಾಯದ ಕಲೆ ವಿದ್ಯುತ್ತನ್ನು ದಾಟಿಸುವುದಿಲ್ಲ; ಅಲೆಗೆ ಸುತ್ತಲು ಜಾಗವೇ ಇಲ್ಲದಂತೆ ಬೇಲಿ ಹಾಕುವ ಉಪಾಯ. ಗುಣವೇನೋ ಆಯಿತು, ಆದರೆ ಅಷ್ಟು ದೊಡ್ಡ ಆಪರೇಶನ್ ಎಷ್ಟು ಮಂದಿಗೆ ಮಾಡಲಾದೀತು?

ಇದೇ ಅಲೆಸ್ಸಿಯವರ ತಂಡ 1995ರಲ್ಲಿ ಪ್ರಕಟಿಸಿದ ಆಡುಗಳ ಪ್ರಯೋಗವನ್ನು ಎಲ್ಲರೂ ತಿಳಿದಿರಬೇಕು. ಆರೋಗ್ಯವಂತ ಆಡುಗಳಿಗೆ ಒಂದು ಯಂತ್ರ ಅಳವಡಿಸಿ, ಕಂಪನ ನಿಂತ ಕೂಡಲೇ ಮತ್ತೆ ಎಬ್ಬಿಸುವಂತೆ ಮಾಡಿದರು. ಮೊದಮೊದಲು ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ನಿಲ್ಲುತ್ತಿದ್ದ ಕಂಪನ ದಿನ ಕಳೆದಂತೆ ಉದ್ದವಾಗುತ್ತ ಹೋಯಿತು. ಕೊನೆಗೆ 11 ಆಡುಗಳಲ್ಲಿ 10ಕ್ಕೆ ಇಡೀ ದಿನಕ್ಕೂ ಮೀರಿ ನಿಲ್ಲದೆ ಉಳಿಯಿತು. ಎ.ಎಫ್. ತನ್ನ ಬೇರನ್ನು ತಾನೇ ಇಳಿಸಿಕೊಳ್ಳುತ್ತದೆ. ಹೆಚ್ಚು ಕಾಲ ಇದ್ದಷ್ಟೂ ಸ್ನಾಯುವಿನ ಗುಣ ಬದಲಾಗುತ್ತದೆ, ನಡುನಡುವೆ ನಾರು ಕಟ್ಟುತ್ತದೆ.

ಇಷ್ಟರವರೆಗೆ ಎಲ್ಲರ ಕಣ್ಣೂ ಹೃತ್ಕರ್ಣದ ಗೋಡೆಯ ಮೇಲಿತ್ತು. 1998ರಲ್ಲಿ ಫ್ರಾನ್ಸಿನ ಬೋರ್ಡೊ ನಗರದಿಂದ ಬಂದ ಒಂದು ವರದಿ ಅದನ್ನು ಬೇರೆ ಕಡೆಗೆ ತಿರುಗಿಸಿತು. ಮಿಶೆಲ್ ಐಸಗ್ಯೇರ್ ಮತ್ತು ಸಂಗಡಿಗರು, ಔಷಧಕ್ಕೆ ಬಗ್ಗದೆ ಪದೇ ಪದೇ ಎ.ಎಫ್. ಬಂದು ಹೋಗುತ್ತಿದ್ದ 45 ಮಂದಿಯ ಹೃದಯದೊಳಗೆ ತಂತಿಗಳನ್ನು ಕಳಿಸಿ ಕಾದು ಕುಳಿತರು. ಕಂಪನ ನಡೆಯುತ್ತಿರುವಾಗ ಅಳೆಯುವುದಲ್ಲ, ಅದು ಶುರುವಾಗುವ ಕ್ಷಣವನ್ನೇ ಹಿಡಿಯುವುದು ಅವರ ಜಾಣತನ. ಎ.ಎಫ್.ಗೆ ಮುಂಚೆ ಒಂದೆರಡು ಅಕಾಲದ ಬಡಿತ ಬರುತ್ತದಲ್ಲ, ಆ ಮೊದಲ ಕಿಡಿ ಎಲ್ಲಿ ಎಂದು ಹುಡುಕಿದರು. ಒಟ್ಟು 69 ಕಿಡಿತಾಣಗಳು ಸಿಕ್ಕವು. ಅವುಗಳಲ್ಲಿ 65, ಅಂದರೆ ನೂರಕ್ಕೆ 94ರಷ್ಟು, ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳ ಒಳಗಿದ್ದವು. ಬಾಯಿಯಿಂದ 2ರಿಂದ 4 ಸೆಂಟಿಮೀಟರ್ ಒಳಗೆ. ಎಡ ಮೇಲಿನದರಲ್ಲಿ 31, ಬಲ ಮೇಲಿನದರಲ್ಲಿ 17, ಎಡ ಕೆಳಗಿನದರಲ್ಲಿ 11, ಬಲ ಕೆಳಗಿನದರಲ್ಲಿ 6.

ರಕ್ತನಾಳದಲ್ಲಿ ವಿದ್ಯುತ್ ಕಿಡಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಹೃತ್ಕರ್ಣದ ಸ್ನಾಯು ತನ್ನ ಗಡಿಗೆ ನಿಲ್ಲದೆ ಅಂಗಿಯ ತೋಳಿನಂತೆ ಈ ನಾಲ್ಕು ನಾಳಗಳ ಮೇಲೂ ಸ್ವಲ್ಪ ದೂರ ಚಾಚಿಕೊಂಡಿರುತ್ತದೆ. ಪುಸ್ತಕದಲ್ಲಿ ಅದು ರಕ್ತನಾಳ, ವಾಸ್ತವದಲ್ಲಿ ಅಲ್ಲಿ ಹೃದಯದ ಸ್ನಾಯುವೇ ವಾಸವಾಗಿದೆ. ಗಡಿಯ ಊರುಗಳ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ತಾಣಗಳನ್ನು ತಂತಿಯ ತುದಿಯ ಶಾಖದಿಂದ ಸುಟ್ಟಾಗ, ಸರಾಸರಿ 8 ತಿಂಗಳ ನಂತರ 28 ಮಂದಿ ಎ.ಎಫ್. ಇಲ್ಲದೆ ಇದ್ದರು. ಮುಂದೆ ವಿಧಾನ ಬದಲಾಯಿತು. ನಾಳದ ಒಳಗೇ ಸುಟ್ಟರೆ ನಾಳ ಕಿರಿದಾಗುವ ತೊಂದರೆ ಕಂಡುಬಂದದ್ದರಿಂದ, ಈಗ ನಾಳಗಳ ಬಾಯಿಯ ಸುತ್ತ, ಹೃತ್ಕರ್ಣದ ಕಡೆಗೆ, ಬಳೆಯಂತೆ ಗಾಯ ಮಾಡಿ ಒಳಗಿನ ಕಿಡಿ ಹೊರಗೆ ಬಾರದಂತೆ ಕಟ್ಟಿಹಾಕುತ್ತಾರೆ. ಒಳಗೆ ಕಿಡಿ ಹಾರುತ್ತಿದ್ದರೂ ಹಾರಲಿ, ಮನೆಗೆ ತಾಗದಿದ್ದರಾಯಿತು. ಜಗತ್ತಿನ ಎಲ್ಲೆಡೆ ಎ.ಎಫ್. ಅಬ್ಲೇಶನ್ನಿನ ಬುನಾದಿ ಇಂದಿಗೂ ಇದೇ.

ನಕ್ಷೆ ತೆಗೆಯುವ ಕ್ರಮವನ್ನು ನಮ್ಮ ಹಳೆಯ ಗುಮಾಸ್ತಗಿರಿಯ ಭಾಷೆಯಲ್ಲಿ ಹೇಳುವುದಾದರೆ, ಟಪಾಲಿನ ಮೊಹರು ನೋಡಿದಂತೆ. ತೊಡೆಯ ಸಂದಿಯ ಅಭಿಧಮನಿಯಿಂದ ಕ್ಯಾಥೆಟರ್ ಎಂಬ ಸಪೂರ ಕೊಳವೆ-ತಂತಿಯನ್ನು ಹೃದಯಕ್ಕೆ ಏರಿಸುತ್ತಾರೆ. ಅದರ ತುದಿಯ ಎಲೆಕ್ಟ್ರೋಡ್ ಗೋಡೆಗೆ ತಾಗಿದಾಗ ಆ ಜಾಗಕ್ಕೆ ಅಲೆ ಬಂದ ಸಮಯ ದಾಖಲಾಗುತ್ತದೆ. ನೂರಾರು, ಸಾವಿರಾರು ಜಾಗಗಳ ಸಮಯವನ್ನು ಹೀಗೆ ಬರೆದುಕೊಂಡರೆ ಎಲ್ಲಕ್ಕಿಂತ ಮೊದಲಿನ ಮೊಹರು ಇರುವಲ್ಲೇ ಟಪಾಲು ಹೊರಟ ಕಚೇರಿ. ತುದಿ ಯಾವ ಜಾಗದಲ್ಲಿದೆ ಎಂದು ತಿಳಿಯಲು ಮಂಚದ ಕೆಳಗಿನ ಕಾಂತಕ್ಷೇತ್ರವನ್ನು ಬಳಸುವ ಕಾರ್ಟೊ ಎಂಬ ಪದ್ಧತಿ 1990ರ ದಶಕದಲ್ಲಿ ಇಸ್ರೇಲಿನಲ್ಲಿ ಶ್ಲೋಮೊ ಬೆನ್-ಹೈಮ್ ಮತ್ತು ಸಂಗಡಿಗರಿಂದ ಬಂತು. ಅಂದಿನಿಂದ ಕಂಪ್ಯೂಟರ್ ಪರದೆಯಲ್ಲಿ ಹೃತ್ಕರ್ಣದ ಬಣ್ಣದ ಆಕೃತಿ ಮೂಡುತ್ತದೆ. ಸಾಮಾನ್ಯವಾಗಿ ಮೊದಲು ಅಲೆ ತಲುಪಿದ ಜಾಗ ಕೆಂಪು, ಕೊನೆಯದು ನೇರಳೆ. ಹೊರಗಿನಿಂದಲೇ ಅಳೆಯುವ ಉಪಾಯವೂ ಇದೆ: 252 ಎಲೆಕ್ಟ್ರೋಡುಗಳ ಅಂಗಿಯೊಂದನ್ನು ಎದೆ-ಬೆನ್ನಿಗೆ ತೊಡಿಸಿ, ಸಿ.ಟಿ. ಸ್ಕ್ಯಾನ್ ಜೊತೆ ಸೇರಿಸಿ, ಹೃದಯದ ಮೇಲ್ಮೈಯಲ್ಲಿ ಏನಾಗುತ್ತಿದೆ ಎಂದು ಲೆಕ್ಕ ಹಾಕುವುದು. ಇದರ ಗಣಿತಕ್ಕೆ ದುಡಿದವರಲ್ಲಿ ಯೋರಾಂ ರೂಡಿ ಪ್ರಮುಖರು.

ಮೊಹರಿನ ಲೆಕ್ಕ ಒಂದು ಕಿಡಿ, ಒಂದು ಅಲೆ ಇದ್ದಾಗ ಸಲೀಸು. ಎ.ಎಫ್. ನಡೆಯುತ್ತಿರುವಾಗ ಪ್ರತಿ ಜಾಗದಲ್ಲೂ ಸೆಕೆಂಡಿಗೆ ಆರೆಂಟು ಮೊಹರು ಬೀಳುತ್ತಿರುತ್ತವೆ. ಯಾವುದು ಮೊದಲು, ಯಾವುದು ನಂತರ? ತಿಂಗಳುಗಟ್ಟಲೆ ಬಿಡದೆ ಇರುವ ಎ.ಎಫ್.ನಲ್ಲಿ ಕಾದು ಕುಳಿತು ಆರಂಭ ಹಿಡಿಯುವ ಬೋರ್ಡೊ ಉಪಾಯವೂ ನಡೆಯದು. ಅಲ್ಲಿ ಬೇಕಾದದ್ದು ಆರಂಭದ ಕಿಡಿಯಲ್ಲ, ಕಂಪನವನ್ನು ಸಾಕುತ್ತಿರುವ ಮೂಲ.

ಇಲ್ಲಿ ಪಂಡಿತರಲ್ಲಿ ಪಕ್ಷಗಳಿವೆ. ಒಂದು ಪಕ್ಷದವರು ನೀರಿನ ಸುಳಿಯಂತೆ ಒಂದೇ ಕಡೆ ಗಿರಗಿರ ತಿರುಗುವ ಅಲೆ, ಅವರ ಮಾತಿನಲ್ಲಿ ರೋಟರ್, ಮೂಲ ಎನ್ನುತ್ತಾರೆ. ಹೊಸೆ ಹಾಲಿಫೆ ಮತ್ತು ಸಂಗಡಿಗರು ಕುರಿಗಳ ಹೃದಯದಲ್ಲಿ ಇಂಥ ಸುಳಿಗಳನ್ನು ತೋರಿಸಿದ್ದರು. ಮನುಷ್ಯರಲ್ಲೂ ಇವೆ ಎಂದು ಕ್ಯಾಲಿಫೋರ್ನಿಯಾದ ಸಂಜೀವ್ ನಾರಾಯಣ್ 2012ರಲ್ಲಿ ವರದಿ ಮಾಡಿದರು. 64 ಎಲೆಕ್ಟ್ರೋಡುಗಳ ಬುಟ್ಟಿಯಾಕಾರದ ಕ್ಯಾಥೆಟರನ್ನು ಹೃತ್ಕರ್ಣದಲ್ಲಿ ಅರಳಿಸಿ, ಸುಳಿ ಅಥವಾ ಕಿಡಿತಾಣ ಕಂಡಲ್ಲಿ ಸುಟ್ಟು, ನಾಳದ ಬಳೆಯನ್ನೂ ಹಾಕಿದಾಗ ಒಂದೇ ಚಿಕಿತ್ಸೆಯ ನಂತರ ನೂರಕ್ಕೆ 82 ಮಂದಿ ಎ.ಎಫ್.ನಿಂದ ಮುಕ್ತರಾದರು, ಮಾಮೂಲು ಕ್ರಮದಲ್ಲಿ 45. ಆ ವರ್ಷ ಹೃದ್ರೋಗ ವಲಯದಲ್ಲಿ ಇದು ದೊಡ್ಡ ಸುದ್ದಿ. ಆದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿ ನಡೆಸಿದ ರೀಅಫರ್ಮ್ ಎಂಬ ಪರೀಕ್ಷೆಯಲ್ಲಿ ಆ ಲಾಭ ಕಾಣಲಿಲ್ಲ. ಬುಟ್ಟಿಯ ಕಡ್ಡಿಗಳ ನಡುವೆ ಅಂತರ ಹೆಚ್ಚು, ಎಷ್ಟೋ ಎಲೆಕ್ಟ್ರೋಡುಗಳು ಗೋಡೆಗೆ ತಾಗುವುದೇ ಇಲ್ಲ, ಖಾಲಿ ಜಾಗವನ್ನು ಕಂಪ್ಯೂಟರ್ ಊಹಿಸಿ ತುಂಬುವಾಗ ಇಲ್ಲದ ಸುಳಿಯೂ ಹುಟ್ಟಬಹುದು ಎಂಬುದು ಆಕ್ಷೇಪಿಸುವವರ ವಾದ. ನಕ್ಷೆಯಲ್ಲಿ ಗೆರೆ ಕಂಡಿತೆಂದು ನೆಲದಲ್ಲಿ ಕಲ್ಲು ಇದ್ದೇ ಇರಬೇಕೆಂದಿಲ್ಲ.

ಇನ್ನೊಂದು ಪಕ್ಷ ಅಲೆಸ್ಸಿ ಮತ್ತು ನತಾಶಾ ಡಿ ಗ್ರೂಟ್ ಅವರದು. ಹೃದಯದ ಆಪರೇಶನ್ ನಡೆಯುವಾಗ ನೂರಾರು ಎಲೆಕ್ಟ್ರೋಡುಗಳನ್ನು ನೇರವಾಗಿ ಹೃತ್ಕರ್ಣದ ಮೇಲಿಟ್ಟು ಅಳೆದ ಅವರು, ಹಳೆಯ ಎ.ಎಫ್.ನಲ್ಲಿ ಸ್ನಾಯುವಿನ ಎಳೆಗಳು ಒಂದರಿಂದೊಂದು ಬೇರ್ಪಟ್ಟಿವೆ, ಗೋಡೆಯ ಒಳಪದರವೂ ಹೊರಪದರವೂ ಬೇರೆ ಬೇರೆ ಲಯದಲ್ಲಿವೆ, ಒಂದರ ಅಲೆ ಇನ್ನೊಂದಕ್ಕೆ ತೂರಿ ಹೊಸ ಅಲೆಯಂತೆ ಕಾಣುತ್ತದೆ ಎಂದರು. ಅಂದರೆ ಸುಡಲು ನಿರ್ದಿಷ್ಟ ಗುರಿಯೇ ಇಲ್ಲ. ಈ ಎರಡರ ನಡುವೆ ನಿಲ್ಲುವಂಥದು ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ವಾಡಿಂ ಫೆಡೊರೊವ್ ತಂಡದ ಕೆಲಸ. ದೇಹದಿಂದ ಹೊರತೆಗೆದ ಮಾನವ ಹೃದಯಗಳನ್ನು ಜೀವಂತವಾಗಿಟ್ಟು, ವಿದ್ಯುತ್ ಬದಲಾದಂತೆ ಹೊಳಪು ಬದಲಿಸುವ ಬಣ್ಣ ಹಾಕಿ, ಒಳಗಿನಿಂದಲೂ ಹೊರಗಿನಿಂದಲೂ ಏಕಕಾಲಕ್ಕೆ ಕ್ಯಾಮೆರಾ ಹಿಡಿದರು. 2015ರ ಅವರ ವರದಿಯಂತೆ ಗೋಡೆಯ ದಪ್ಪದೊಳಗೆ, ನಾರು ಕಟ್ಟಿದ ಎಳೆಗಳ ಸುತ್ತ, ಪುಟ್ಟ ಸುತ್ತುದಾರಿಗಳಲ್ಲಿ ಅಲೆ ತಿರುಗುತ್ತದೆ. ಹೊರಮೈ ಒಂದನ್ನೇ ನೋಡಿದವರಿಗೆ ಅದು ಸುಳಿಯಾಗಿ ಕಾಣದೆ ಚದುರಿದ ಅಲೆಗಳಾಗಿ ಕಾಣಬಹುದು. ಒಂದೇ ಗದ್ದಲವನ್ನು ಬೇರೆ ಬೇರೆ ಕಿಟಕಿಯಿಂದ ನೋಡಿದವರ ಜಗಳವಿದು ಎಂದು ನಮಗೆ ತೋರುತ್ತದೆ. ಆದರೆ ಶರೀರದೊಳಗೆ ಬಡಿಯುತ್ತಿರುವ ಹೃದಯದ ಗೋಡೆಯೊಳಕ್ಕೆ ಇಣುಕುವ ಕಿಟಕಿ ದಿನನಿತ್ಯದ ಚಿಕಿತ್ಸೆಗೆ ಇನ್ನೂ ದೊರೆತಿಲ್ಲ.

ರೋಗಿಯ ಪಾಲಿಗೆ ಹೆಚ್ಚು ಉಪಯೋಗದ ಮಾಹಿತಿ 2015ರಲ್ಲಿ ಪ್ರಕಟವಾದ ಸ್ಟಾರ್ ಎ.ಎಫ್. 2 ಎಂಬ ಪರೀಕ್ಷೆ. ಬಿಡದೆ ಇರುವ ಎ.ಎಫ್.ನ 589 ಮಂದಿಯಲ್ಲಿ ಕೆಲವರಿಗೆ ನಾಳಗಳ ಸುತ್ತ ಬಳೆ ಮಾತ್ರ, ಕೆಲವರಿಗೆ ಬಳೆಯ ಜೊತೆ ನಕ್ಷೆಯಲ್ಲಿ ಗೋಜಲು ಸಂಕೇತ ಕಂಡ ಜಾಗಗಳನ್ನೂ, ಕೆಲವರಿಗೆ ಬಳೆಯ ಜೊತೆ ಗೆರೆಗಳನ್ನೂ ಸುಟ್ಟರು. 18 ತಿಂಗಳ ನಂತರ ಎ.ಎಫ್. ಮರುಕಳಿಸದವರು ಕ್ರಮವಾಗಿ ನೂರಕ್ಕೆ 59, 49 ಮತ್ತು 46. ಹೆಚ್ಚು ಸುಟ್ಟದ್ದರಿಂದ ಹೆಚ್ಚು ಗುಣವಾಗಲಿಲ್ಲ. ಎಂ.ಆರ್.ಐ.ನಲ್ಲಿ ನಾರು ಕಂಡ ಜಾಗ ಹುಡುಕಿ ಸುಟ್ಟ ಡಿಕಾಫ್ 2 ಪರೀಕ್ಷೆಯೂ 2022ರಲ್ಲಿ ಹೀಗೇ ನಿರಾಸೆ ತಂದಿತು. 2025ರಲ್ಲಿ ಮಾತ್ರ ಟೈಲರ್ಡ್ ಎ.ಎಫ್. ಎಂಬ ಪರೀಕ್ಷೆ ಬೇರೆ ಉತ್ತರ ಕೊಟ್ಟಿದೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಸಂಕೇತಗಳು ಚದುರಿದ ಜಾಗ ಗುರುತಿಸಿ ಸುಟ್ಟವರಲ್ಲಿ ಒಂದು ವರ್ಷದ ನಂತರ ನೂರಕ್ಕೆ 88 ಮಂದಿಗೆ ಎ.ಎಫ್. ಇರಲಿಲ್ಲ, ಬಳೆ ಮಾತ್ರ ಹಾಕಿಸಿಕೊಂಡವರಲ್ಲಿ 70. ಆದರೆ ಎ.ಎಫ್. ಜೊತೆ ಹೃತ್ಕರ್ಣದ ಇತರ ಲಯದೋಷಗಳನ್ನೂ ಸೇರಿಸಿ ಎಣಿಸಿದರೆ, ಒಂದೇ ಚಿಕಿತ್ಸೆಯ ನಂತರ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಉಳಿಯಲಿಲ್ಲ. 2012ರ ಸುಳಿಯ ಸುದ್ದಿ ನೆನಪಿದ್ದವರು ಇದನ್ನೂ ಇನ್ನೊಂದೆರಡು ಪರೀಕ್ಷೆ ಬರುವವರೆಗೆ ಕಾದು ನೋಡುವುದೇ ಮೇಲು.

ಬಳೆ ಹಾಕುವ ಸಾಧನಗಳು ಬದಲಾಗುತ್ತಿವೆ. ಶಾಖದಿಂದ ಸುಡುವುದು, ಬಲೂನಿನಲ್ಲಿ ಅತಿ ಶೀತಲಗೊಳಿಸುವುದು, ಈಚೆಗೆ ಅಲ್ಪಾವಧಿಯ ವಿದ್ಯುತ್ ಹೊಡೆತದಿಂದ ಸ್ನಾಯುಕೋಶಗಳನ್ನಷ್ಟೇ ಕೊಲ್ಲುವುದು. ಮೂರನೆಯದರಲ್ಲಿ ಹೃತ್ಕರ್ಣದ ಹಿಂದೆಯೇ ಇರುವ ಅನ್ನನಾಳಕ್ಕೆ ಹಾನಿಯ ಭಯ ಕಡಿಮೆ. ಯಾವುದೂ ಅಪಾಯರಹಿತವಲ್ಲ. ಹೃದಯದ ಸುತ್ತ ರಕ್ತ ಸೋರುವುದು, ತೊಡೆಯಲ್ಲಿ ರಕ್ತಸ್ರಾವ, ಲಕ್ವ ವಿರಳವಾದರೂ ಆಗುವಂಥವು. ಸಹಿ ಹಾಕುವ ಮುಂಚೆ ಕೇಳಿ ತಿಳಿಯುವುದು ನಿಮ್ಮ ಹಕ್ಕು.

ಕಾಗದದಲ್ಲಿ ನೋಡಬೇಕಾದ ಪದವೊಂದಿದೆ. ಪ್ಯಾರಾಕ್ಸಿಸ್ಮಲ್ ಎಂದಿದ್ದರೆ ಏಳು ದಿನದೊಳಗೆ ಬಂದು ಹೋಗುವ ಎ.ಎಫ್.; ಮೂಲ ನಾಳಗಳಲ್ಲಿರುವ ಸಂಭವ ಹೆಚ್ಚು, ಅಬ್ಲೇಶನ್ನಿನ ಫಲವೂ ಹೆಚ್ಚು. ಪರ್ಸಿಸ್ಟೆಂಟ್ ಎಂದಿದ್ದರೆ ಏಳು ದಿನ ಮೀರಿದ್ದು, ಲಾಂಗ್ ಸ್ಟ್ಯಾಂಡಿಂಗ್ ಎಂದರೆ ವರ್ಷ ದಾಟಿದ್ದು. ಆಡುಗಳ ಕಥೆ ಇಲ್ಲಿ ನೆನಪಾಗಬೇಕು. ರೋಗ ಪತ್ತೆಯಾದ ಒಂದು ವರ್ಷದೊಳಗೇ ಔಷಧದಿಂದಲೋ ಅಬ್ಲೇಶನ್ನಿಂದಲೋ ಲಯವನ್ನು ಸರಿಪಡಿಸಲು ಹೊರಟವರಲ್ಲಿ ಹೃದ್ರೋಗದ ಸಾವು, ಲಕ್ವ ಮೊದಲಾದವು ಒಟ್ಟಿನಲ್ಲಿ ಕಡಿಮೆ ಎಂದು 2,789 ಮಂದಿಯ ಈಸ್ಟ್ ಪರೀಕ್ಷೆ 2020ರಲ್ಲಿ ತೋರಿಸಿದೆ. "ನೋಡೋಣ, ಜಾತ್ರೆ ಮುಗಿಯಲಿ, ಸುಗ್ಗಿ ಮುಗಿಯಲಿ" ಎಂದು ಮುಂದೂಡುವ ನಮ್ಮವರು ಇದನ್ನು ಗಮನಿಸಬೇಕು.

ಇನ್ನು ನಮ್ಮ ದೇಶಕ್ಕೆ ಹೆಚ್ಚು ಸಂಬಂಧಿಸಿದ ಮಾತು. ಮೇಲಿನ ಸಂಶೋಧನೆಗಳು ಬಹುಪಾಲು ಯುರೋಪ್, ಅಮೆರಿಕದವು. ಅಲ್ಲಿ ಎ.ಎಫ್. ಮುಖ್ಯವಾಗಿ ವಯಸ್ಸಾದವರ, ರಕ್ತದೊತ್ತಡದವರ, ಬೊಜ್ಜಿನವರ ಕಾಯಿಲೆ. ನಮ್ಮಲ್ಲಿ ಅವುಗಳ ಜೊತೆ ಬಾಲ್ಯದ ಗಂಟಲುನೋವು-ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟು ಬರುವ ಎ.ಎಫ್. ಇನ್ನೂ ಇದೆ, ಅದೂ ಚಿಕ್ಕ ವಯಸ್ಸಿನ ಹೆಂಗಸರಲ್ಲಿ. ಮೈಟ್ರಲ್ ಕವಾಟ ಕಿರಿದಾದವರಿಗೆ ನಕ್ಷೆಗಿಂತ ಮೊದಲು ಕವಾಟದ ಚಿಕಿತ್ಸೆ ನಡೆಯಬೇಕಾದೀತು. ಇಂಥವರಿಗೆ ಹೆಪ್ಪು ತಡೆಯುವ ಮಾತ್ರೆಗಳಲ್ಲೂ ವ್ಯತ್ಯಾಸವಿದೆ. 24 ದೇಶಗಳ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ, ದೆಹಲಿಯ ಏಮ್ಸ್‌ನ ಗಣೇಶನ್ ಕಾರ್ತಿಕೇಯನ್ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಇನ್ವಿಕ್ಟಸ್ ಪರೀಕ್ಷೆಯಲ್ಲಿ, ಹೊಸ ಮಾತ್ರೆ ರಿವರಾಕ್ಸಬಾನ್‌ಗಿಂತ ವಾರ್ಫರಿನ್ ಜಾತಿಯ ಹಳೆಯ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಕಡಿಮೆಯಾಗಿತ್ತು. ಅದು 2022ರ ವರದಿ. ಐ.ಎನ್.ಆರ್. ಪರೀಕ್ಷೆಗೆ ಮತ್ತೆ ಮತ್ತೆ ರಕ್ತ ಕೊಡುವ ಬೇಸರಕ್ಕೆ ಯಾರೂ ಔಷಧ ಅಂಗಡಿಯಲ್ಲಿ ಕೇಳಿ ಮಾತ್ರೆ ಬದಲಿಸಿಕೊಳ್ಳಬಾರದು.

ಅಬ್ಲೇಶನ್ ಆದವರಿಗೂ ಒಂದು ಮಾತು. ಎದೆ ಡವಡವ ನಿಂತಿತೆಂದರೆ ಎ.ಎಫ್. ಪೂರ್ತಿ ಹೋಯಿತೆಂದಲ್ಲ, ಸದ್ದಿಲ್ಲದೆ ಬಂದು ಹೋಗುವುದುಂಟು. ಚಿಕಿತ್ಸೆಯ ನಂತರ ಕನಿಷ್ಠ ಎರಡು-ಮೂರು ತಿಂಗಳು ಹೆಪ್ಪು ತಡೆಯುವ ಮಾತ್ರೆ ಎಲ್ಲರಿಗೂ ಮುಂದುವರಿಯುತ್ತದೆ. ಆಮೇಲೆ ಬೇಕೇ ಬೇಡವೇ ಎಂಬುದನ್ನು ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಿಂದೆ ಲಕ್ವ ಆಗಿತ್ತೇ ಎಂಬುದನ್ನೆಲ್ಲ ಕೂಡಿಸಿ ವೈದ್ಯರು ತೀರ್ಮಾನಿಸುತ್ತಾರೆ.